ಕಾಕಾನ ಯೆಜ್ಡಿ, ಬನಹಟ್ಟಿಯ ವೈರಿಂಗು

ಕಬ್ಬಿನ ಸೀಮೆಯಲ್ಲಿ ಮೋಟಾರ್‌ಸೈಕಲ್ಲು ಡಾಂಬರು ರಸ್ತೆಯ ಮೇಲೆ ಕೆಡುವುದು ಕಡಿಮೆ. ಕೆಡುವುದೆಲ್ಲ ಹೊಲಕ್ಕೆ ಹೋಗುವ ದಾರಿಯಲ್ಲಿ. ಮುಧೋಳದಿಂದ ಜಮಖಂಡಿವರೆಗೆ, ಈಚೆ ಮಹಾಲಿಂಗಪುರ ದಾಟಿ ರಬಕವಿ-ಬನಹಟ್ಟಿವರೆಗೆ, ಘಟಪ್ರಭೆ ಮತ್ತು ಕೃಷ್ಣೆಯ ನಡುವಿನ ಎರಿ ಭೂಮಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದರೆ ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಮಳೆ ಮುಗಿದು ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದರೆ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ದಾರಿಯನ್ನು ಆಳವಾಗಿ ಕೊರೆದಿಡುತ್ತವೆ. ಆ ಜಾಡಿನೊಳಗೆ ಒಂದನೇ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ, ಮೇಲೆ ಒಂದು ಹೊರೆ ಮೇವು ಹೇರಿಕೊಂಡು ಹೋಗುವುದೇ ನಮ್ಮ ಕಡೆ ಗಾಡಿ ಓಡಿಸುವುದು.

ನಮ್ಮ ಕಾಕಾನ ಯೆಜ್ಡಿ 250 ಇಂಥ ದಾರಿಯಲ್ಲೇ ಸವೆದದ್ದು. ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ತಯಾರಿಸುತ್ತಿತ್ತು. 1973ರಿಂದ ಅವೇ ಗಾಡಿಗಳು ಯೆಜ್ಡಿ ಎಂಬ ಹೆಸರು ಹೊತ್ತವು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಲಿವರು. ಕಿಕ್ ಹೊಡೆದ ಮೇಲೆ ತಿರುಗಿಸಿದರೆ ಅದೇ ಗೇರಾಗುತ್ತಿತ್ತು. ನಮ್ಮ ಓಣಿಯ ಹುಡುಗರಿಗೆ ಅದೊಂದು ಗಾರುಡಿ. ಇಂಜಿನ್ನಿನ ಬಗ್ಗೆ ಯಾರೂ ದೂರು ಹೇಳಿದ್ದು ನಾನು ಕೇಳಿಲ್ಲ. ಕಾಕಾ ಅದರ ಮೇಲೆ ಎರಡು ಹಾಲಿನ ಕ್ಯಾನು, ಒಂದು ಚೀಲ ಗೊಬ್ಬರ, ಮೇಲೊಬ್ಬ ಆಳು, ಎಲ್ಲವನ್ನೂ ಒಟ್ಟಿಗೆ ಹೇರುತ್ತಿದ್ದ. ಗಾಡಿ ತುಟಿಪಿಟಕ್ ಅನ್ನದೆ ಎಳೆಯುತ್ತಿತ್ತು. ದೂರೆಲ್ಲ ಕರೆಂಟಿನ ಮೇಲೆ.

ಅದಕ್ಕೆ ಕಾರಣ ಲೆಕ್ಕದಲ್ಲೇ ಇತ್ತು. ಗಾಡಿಯ ಡೈನಮೊ 6 ವೋಲ್ಟಿನದು, 45 ವ್ಯಾಟಿನದು. ಹೆಡ್‌ಲೈಟಿಗೆ 35 ವ್ಯಾಟಿನ ಬಲ್ಬು ಹಾಕಿ, ಹಿಂದಿನ ದೀಪಕ್ಕೆ 5 ವ್ಯಾಟು ಕೊಟ್ಟರೆ 40 ಮುಗಿಯಿತು. ಉಳಿದ 5ರಲ್ಲಿ ಇಗ್ನಿಷನ್ ಕಾಯಿಲ್ ಕಿಡಿ ಹುಟ್ಟಿಸಬೇಕು, ಬ್ರೇಕ್ ಲೈಟು ಉರಿಯಬೇಕು, ಹಾರ್ನು ಬಾರಿಸಬೇಕು, ಬ್ಯಾಟರಿಯೂ ತುಂಬಬೇಕು. ಅದೂ ಡೈನಮೊ ಪೂರ್ತಿ 45 ಕೊಟ್ಟರೆ. ಡೈನಮೊ ಪೂರ್ತಿ ಕೊಡುವುದು ಇಂಜಿನ್ನು ಜೋರಾಗಿ ತಿರುಗಿದಾಗ ಮಾತ್ರ. ಕಬ್ಬಿನ ಹೊಲದ ನಡುವೆ ಒಂದನೇ ಗೇರಿನಲ್ಲಿ ತೆವಳುವಾಗ ಬ್ಯಾಟರಿಯಿಂದ ಹೋಗುವುದೇ ಹೆಚ್ಚು, ಒಳಗೆ ಬರುವುದು ಕಡಿಮೆ. ಹೆಡ್‌ಲೈಟಿನ ತಲೆಯ ಮೇಲಿನ ಆಂಪಿಯರ್ ಮೀಟರಿನ ಮುಳ್ಳು ಎಡಕ್ಕೇ ವಾಲಿರುತ್ತಿತ್ತು. ಬ್ಯಾಟರಿ ಪೂರ್ತಿ ಇಳಿದರೆ ಕಿಡಿಯೂ ಇಲ್ಲ, ಕಿಕ್ ಹೊಡೆದು ಕಾಲು ನೋಯಿಸಿಕೊಳ್ಳುವುದಷ್ಟೇ.

ಹಗಲು ಮಾತ್ರ ಓಡಿಸುವುದಾದರೆ ದೀಪ ತೆಗೆದೇ ಬಿಡಬಹುದಿತ್ತು. ಆದರೆ ನಮ್ಮ ಕಡೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ. ಆಗ ಕೆಇಬಿ, ಆಮೇಲೆ ಹೆಸ್ಕಾಂ. ಹೆಸರು ಬದಲಾಯಿತು, ವೇಳೆ ಬದಲಾಗಲಿಲ್ಲ. ಹನ್ನೊಂದು ಗಂಟೆಗೋ ಒಂದು ಗಂಟೆಗೋ ಎದ್ದು ಹೋಗಿ ಮೋಟರು ಚಾಲೂ ಮಾಡಿ ನೀರು ತಿರುವಬೇಕು. ಬದುವಿನ ಮೇಲೆ ಹಾವು ಮಲಗಿರುತ್ತದೆ, ಕಾಲುವೆ ಒಡೆದಿರುತ್ತದೆ. ಆ ಹೊತ್ತಿನಲ್ಲಿ ಯೆಜ್ಡಿಯ ಹೆಡ್‌ಲೈಟು ಕಂದೀಲಿಗಿಂತ ಕಡೆ. ಕಾಕಾ ಎಡಗೈಯಲ್ಲಿ ಟಾರ್ಚು ಹಿಡಿದು, ಬಲಗೈಯಲ್ಲಿ ಆಕ್ಸಿಲರೇಟರ್ ತಿರುವುತ್ತ ಹೋಗುತ್ತಿದ್ದ.

1997ರಲ್ಲಿ, ಅಂದರೆ ಬಾಗಲಕೋಟೆ ಬಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ, ಗಾಡಿ ಒಂದು ರಾತ್ರಿ ಹೊಲದಲ್ಲೇ ಸುಮ್ಮನಾಯಿತು. ಅಷ್ಟೊತ್ತಿಗೆ ಅದರ ವೈರಿಂಗು ಹಲವು ಕೈ ದಾಟಿತ್ತು. ಒಂದೊಂದು ಗ್ಯಾರೇಜಿನವರು ಒಂದೊಂದು ತಂತಿ ಕತ್ತರಿಸಿ, ಹಲ್ಲಿನಿಂದ ಸಿಪ್ಪೆ ಸುಲಿದು, ತಿರುವಿ, ಟೇಪು ಸುತ್ತಿ ಕಳಿಸಿದ್ದರು. ಆಮೇಲೆ ಇಂಡಿಕೇಟರ್ ಬಂತು, ಅದಕ್ಕೊಂದು ಫ್ಲಾಷರ್ ಬಂತು. ಯಾವುದೋ ಜಾತ್ರೆಯಲ್ಲಿ ಕೊಂಡ ಹಾಡುವ ಹಾರ್ನು ಬಂತು. ಹೆಡ್‌ಲೈಟು ಬಿಚ್ಚಿದರೆ ಒಳಗೆ ಗೀಜಗನ ಗೂಡು. ಟೇಪಿನ ಅಂಟು ಬಿಸಿಲಿಗೆ ಕರಗಿ ಧೂಳು ಹಿಡಿದಿತ್ತು. ಕೆಂಪು ತಂತಿ ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಹಸಿರಾಗಿ ಹೊರಗೆ ಬರುತ್ತಿತ್ತು. ಹೊಸ ವೈರಿಂಗ್ ಸೆಟ್ಟು ತರಿಸೋಣ ಎಂದರೆ ಮೈಸೂರಿನ ಕಾರ್ಖಾನೆ ಹಿಂದಿನ ವರ್ಷವೇ, 1996ರಲ್ಲಿ, ಬಾಗಿಲು ಹಾಕಿತ್ತು. ಅಂಗಡಿಯವರು ಕೊಟ್ಟ ಸೆಟ್ಟಿನ ತಂತಿ ಎಷ್ಟು ತೆಳುವೆಂದರೆ ಕಾಕಾ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಅಲ್ಲೇ ಇಟ್ಟು ಬಂದ.

ನಾನು ಆಗ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದೆ. ಓಮನ ನಿಯಮ ಬಾಯಿಪಾಠ ಇತ್ತು. "ಇಂವ ಕಲತಾನಂತ, ಇವನ ಕೈಲೆ ಆಗತದೇನ್ ನೋಡೂಣು," ಎಂದು ಕಾಕಾ ನನ್ನನ್ನೂ ಗಾಡಿಯನ್ನೂ ಒಂದು ಟಂಟಂ ಮೇಲೆ ಹಾಕಿಕೊಂಡು ಬನಹಟ್ಟಿಗೆ ಕರೆದೊಯ್ದ. ಜಮಖಂಡಿಯಲ್ಲಿ ಗ್ಯಾರೇಜಿಗೆ ಬರವಿರಲಿಲ್ಲ. ಆದರೂ ಬನಹಟ್ಟಿ ಯಾಕೆಂದರೆ ಅಲ್ಲಿ ಕಾಕಾನ ಬೋರ್‌ವೆಲ್ ಮೋಟರು ಕಟ್ಟುವ ಮಿಸ್ತ್ರಿ ಇದ್ದ.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದವರಿಗೆ ಗೊತ್ತು, ಮನೆಮನೆಯಲ್ಲೂ ಪಾವರ್‌ಲೂಮಿನ ಸದ್ದು. ಮಗ್ಗಕ್ಕೊಂದು ಮೋಟರು. ಕರೆಂಟು ಏರಿಳಿದರೆ, ಒಂದು ಫೇಸ್ ಹೋದರೆ ಮೋಟರು ಸುಡುತ್ತದೆ. ಅದನ್ನು ಬಿಚ್ಚಿ ತಾಮ್ರದ ತಂತಿ ಹೊಸದಾಗಿ ಸುತ್ತುವ ವೈಂಡಿಂಗ್ ಅಂಗಡಿಗಳು ಸೀರೆ ಅಂಗಡಿಗಳಿಗಿಂತ ಹೆಚ್ಚು ಬಿಡುವಿಲ್ಲದವು. ಬೇಸಿಗೆಯಲ್ಲಿ ಹೊಲದವರ ಪಂಪಿನ ಮೋಟರುಗಳೂ ಅಲ್ಲಿಗೇ ಬರುತ್ತಿದ್ದವು. ಹಾಗಾಗಿ ಅಲ್ಲಿನ ಮಿಸ್ತ್ರಿಗಳಿಗೆ ಕರೆಂಟು ಹೋಗುವ ದಾರಿ ಕಾಣುತ್ತಿತ್ತು. ಬಲ್ಬು ಉರಿಯದಿದ್ದರೆ ಬಲ್ಬು ಬದಲಿಸು, ಹಾರ್ನು ಆಗದಿದ್ದರೆ ಹಾರ್ನು ಬದಲಿಸು ಎಂಬ ಗ್ಯಾರೇಜಿನ ಪದ್ಧತಿ ಅವರದಲ್ಲ.

ಮಿಸ್ತ್ರಿ ಗಾಡಿಯನ್ನು ಒಂದು ಸುತ್ತು ನೋಡಿ, ಟ್ಯಾಂಕು ಇಳಿಸಿ, ನೆಲದ ಮೇಲೆ ಕೂತು ಸೀಮೆಸುಣ್ಣ ತಗೊಂಡ.

"ಗೌಡ್ರ, ಮೊದಲ ಇದನ್ನ ಹೇಳ್ರಿ. ಈ ಗಾಡಿ ನಿಮಗ ಏನೇನ್ ಮಾಡಬೇಕು?"

"ಚಾಲೂ ಆಗಬೇಕು. ರಾತ್ರಿ ದಾರಿ ಕಾಣಬೇಕು."

"ಹಾರ್ನು?"

"ಬೇಕಲ್ಲ. ಟ್ರ್ಯಾಕ್ಟರ್‌ನವರು ಟೇಪ್ ಹಚ್ಚಿರತಾರ, ಬಾಯಿಲೆ ಒದರಿದ್ರ ಕೇಳಸ್ತದೇನು?"

"ಇಂಡಿಕೇಟರು?"

"ಹೊಲದಾಗ ಯಾರಿಗೆ ತೋರಸಲಿ ಅದನ್ನ? ತಗಿ."

"ಈ ಹಾಡು ಹೇಳೂ ಹಾರ್ನು?"

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದು ಇರಲಿ ಬಿಡೋ. ಹುಡುಗೂರು ಖುಷಿ ಪಡತಾವ."

"ಅದು ಇದ್ರ ಲೈಟ್ ಇರಂಗಿಲ್ರಿ. ಯಾವುದು ಬೇಕು ಅಂತ ನೀವ ಹೇಳ್ರಿ."

ಹಾಡುವ ಹಾರ್ನು ಹೋಯಿತು. ಆಂಪಿಯರ್ ಮೀಟರು ಮಾತ್ರ ಉಳಿಯಿತು, ಅದನ್ನೂ ತೆಗೆದರೆ ತಂತಿಯ ಎರಡು ಜೋಡು ಕಡಿಮೆಯಾಗುತ್ತವಲ್ಲ ಎಂದು ನಾನು ಕೇಳಿದಾಗ, "ಡೈನಮೊ ದುಡಿಯಾಕತ್ತೈತೋ ಇಲ್ಲೋ ಅಂತ ಗೌಡ್ರಿಗೆ ಹೇಳಾವ್ರು ಯಾರು, ತಮ್ಮಾ?" ಅಂದ. ಸೀಮೆಸುಣ್ಣದಲ್ಲಿ ನೆಲದ ಮೇಲೆ ನಕ್ಷೆ ಮೂಡಿತು. ಬ್ಯಾಟರಿಯಿಂದ ಹೊರಟ ಒಂದೇ ತಂತಿ, ಅದರ ಮೇಲೆ ಒಂದೇ ಫ್ಯೂಜು. ಅಲ್ಲಿಂದ ಆಂಪಿಯರ್ ಮೀಟರು, ಕೀಲಿ. ಕೀಲಿಯಿಂದ ಮೂರು ಕವಲು: ಕಾಯಿಲಿಗೊಂದು, ದೀಪಗಳಿಗೊಂದು, ಹಾರ್ನಿಗೂ ಬ್ರೇಕ್ ಲೈಟಿಗೂ ಸೇರಿ ಒಂದು. ಇಷ್ಟೇ. ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಗಾಡಿಯೊಳಗಿಂದ ಕಿತ್ತು ತೆಗೆದ ತಂತಿಯ ರಾಶಿ ಒಂದು ಬುಟ್ಟಿಯಷ್ಟಿತ್ತು.

ಡೈನಮೊ ಬಿಚ್ಚಿದ್ದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಯೆಜ್ಡಿಯ ಬಲಬದಿಯ ಮುಚ್ಚಳ ತೆಗೆದರೆ ಡೈನಮೊ, ಇಗ್ನಿಷನ್ ಪಾಯಿಂಟು ಎರಡೂ ಒಂದೇ ಕಡೆ ಕಾಣುತ್ತವೆ. ಮಿಸ್ತ್ರಿ ಆರ್ಮೇಚರನ್ನು ಹೊರಗೆ ತೆಗೆದು, ಕಾಮ್ಯುಟೇಟರಿನ ಮಸಿಯನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಗ್ರೌಲರ್ ಮೇಲೆ ಮಲಗಿಸಿದ. ಗ್ರೌಲರ್ ಅಂದರೆ ಕಬ್ಬಿಣದ ಪಟ್ಟಿಗಳ ಮೇಲೆ ತಂತಿ ಸುತ್ತಿದ ಒಂದು ದಪ್ಪ ಕಾಯಿಲು. ಕರೆಂಟು ಕೊಟ್ಟರೆ ಗುರ್ ಎನ್ನುತ್ತದೆ. ಆರ್ಮೇಚರಿನ ಬೆನ್ನಿನ ಮೇಲೆ ಒಂದು ಹ್ಯಾಕ್ಸಾ ಬ್ಲೇಡು ಸಡಿಲಾಗಿ ಹಿಡಿದು ಒಂದೊಂದೇ ಸ್ಲಾಟನ್ನು ದಾಟಿಸುತ್ತ ಹೋದ. ಒಳಗೆ ಸುತ್ತುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ದರೆ ಆ ಸ್ಲಾಟಿನ ಮೇಲೆ ಬ್ಲೇಡು ಟರ್ರ್ ಎಂದು ನಡುಗುತ್ತದೆ. ಎಲ್ಲ ಕಡೆ ಸುಮ್ಮನಿದ್ದ ಬ್ಲೇಡು ಒಂದು ಕಡೆ ಕೈಯಿಂದ ಜಾರುವಷ್ಟು ನಡುಗಿತು. "ಇಲ್ಲಿ ಐತಿ ನೋಡ ನಿನ್ನ ಕತ್ತಲಿ," ಅಂದ.

ಸುಟ್ಟ ಸುತ್ತುಗಳನ್ನು ತೆಗೆದು, ಸ್ಲಾಟುಗಳಿಗೆ ಹೊಸ ಕಾಗದ ಹಾಸಿ, ಅಷ್ಟೇ ದಪ್ಪದ ತಂತಿ ಅಷ್ಟೇ ಸುತ್ತು ಸುತ್ತಿ, ಮೇಲೆ ಬಿದಿರಿನ ಸೀಳು ಬಡಿದು ಕೂರಿಸಿದ. ತುದಿಗಳನ್ನು ಕಾಮ್ಯುಟೇಟರಿಗೆ ಬೆಸೆದ. ಆಮೇಲೆ ತಾಮ್ರದ ಪಟ್ಟಿಗಳ ನಡುವಿನ ಅಭ್ರಕ ಮೇಲಕ್ಕೆದ್ದಿದೆ ಎಂದು ಅರೆದು ತೆಳುಮಾಡಿದ ಬ್ಲೇಡಿನಿಂದ ಒಂದೊಂದೇ ಸಂದನ್ನು ಕೆರೆದು ತಗ್ಗಿಸಿದ. ಅಭ್ರಕ ತಾಮ್ರಕ್ಕಿಂತ ಮೇಲಿದ್ದರೆ ಕಾರ್ಬನ್ ಬ್ರಷ್ಷು ಅದರ ಮೇಲೆ ಎಡವುತ್ತದೆ, ಕಿಡಿ ಹಾರುತ್ತದೆ, ಕರೆಂಟು ಬರುವುದಿಲ್ಲ. ನಾನು ಪಾಲಿಶ್ ಮಾಡಲು ಎಮರಿ ಕಾಗದ ಎತ್ತಿಕೊಂಡಾಗ ಕಸಿದುಕೊಂಡು ಗಾಜಿನ ಪುಡಿಯ ಕಾಗದ ಕೊಟ್ಟ. ಎಮರಿಯ ಪುಡಿ ಸಂದಿನಲ್ಲಿ ಕೂತರೆ ಅದರೊಳಗಿಂದಲೇ ಕರೆಂಟು ಹರಿಯುತ್ತದಂತೆ. ಡಿಪ್ಲೊಮಾದ ಯಾವ ಪುಸ್ತಕವೂ ನನಗೆ ಇದನ್ನು ಹೇಳಿರಲಿಲ್ಲ.

ತಂತಿ ಎಳೆಯುವ ಹೊತ್ತಿಗೆ ನನಗೊಂದು ವಿಷಯ ಅರ್ಥವಾಗಲಿಲ್ಲ. ವೈರಿಂಗು ಕಡಿಮೆ ಮಾಡಲು ಬಂದವರು ನಾವು. ಮಿಸ್ತ್ರಿ ಕಾರ್ಖಾನೆಯವರೂ ಹಾಕದ ತಂತಿ ಹಾಕುತ್ತಿದ್ದ. ಹೆಡ್‌ಲೈಟಿನಿಂದ ಒಂದು, ಹಿಂದಿನ ದೀಪದಿಂದ ಒಂದು, ಕಾಯಿಲ್ ಕೂರಿಸಿದ ಜಾಗದಿಂದ ಒಂದು, ಇಂಜಿನ್ನಿನ ಬೋಲ್ಟಿನಿಂದ ಒಂದು ದಪ್ಪನೆಯದು. ಎಲ್ಲ ಬಂದು ಬ್ಯಾಟರಿಯ ಅರ್ಥಿನ ತುದಿಯಲ್ಲಿ ಒಂದೇ ಬೋಲ್ಟಿಗೆ ಸೇರಿದವು.

"ಅರ್ಥ್‌ಗೆ ಚಾಸಿ ಐತಲ್ರಿ ಮಿಸ್ತ್ರಿಯವರ?"

"ಚಾಸಿ ಐತಿ ಖರೆ. ಹೆಡ್‌ಲೈಟಿಂದ ಹೋದ ಕರೆಂಟು ವಾಪಸ್ ಹೆಂಗ ಬರತೈತಿ ಹೇಳು? ಹ್ಯಾಂಡಲ್‌ಗೆ ಬಂತು. ಹ್ಯಾಂಡಲ್ ಚಾಸಿಗೆ ಎಲ್ಲಿ ಹತ್ತೈತಿ? ನಡುವ ಕೋನಿನೊಳಗಿನ ಗುಂಡು. ಅದರ ತುಂಬ ಗ್ರೀಸು, ಗ್ರೀಸಿನ ತುಂಬ ನಿಮ್ಮ ಹೊಲದ ಮಣ್ಣು."

ನಾನು ಕೂತು ಲೆಕ್ಕ ಹಾಕಿದೆ. 35 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ ಬೇಕಾದದ್ದು ಸುಮಾರು 6 ಆಂಪಿಯರ್; ಉರಿಯುವಾಗ ಅದರ ತಡೆ 1 ಓಮಿನ ಆಸುಪಾಸು. ದಾರಿಯಲ್ಲಿ ತುಕ್ಕು, ಮಣ್ಣು, ಸಡಿಲ ತಿರುವು ಎಲ್ಲ ಸೇರಿ ಬರೀ 0.2 ಓಮ್ ತಡೆ ಹುಟ್ಟಿಸಿದರೂ ಹೆಚ್ಚೂಕಡಿಮೆ 1 ವೋಲ್ಟು ಅಲ್ಲೇ ಸೋರಿಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ 1 ವೋಲ್ಟು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆರರಲ್ಲಿ ಒಂದು ಹೋದರೆ ಬಲ್ಬಿನ ಬೆಳಕು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ; ಫಿಲಮೆಂಟಿನ ಬೆಳಕು ವೋಲ್ಟಿಗಿಂತ ಬಹಳ ಬೇಗ ಬೀಳುವಂಥದು. ಇಷ್ಟು ವರ್ಷ ಬಲ್ಬು, ಬ್ಯಾಟರಿ, ಡೈನಮೊದ ಕಟೌಟು ಎಂದು ಬದಲಿಸುತ್ತಲೇ ಇದ್ದ ಕಾಕಾನ ದುಡ್ಡೆಲ್ಲ ಹೋದದ್ದು ಜೋಡುಗಳಿಗೆ. ತಂತಿ ಎಷ್ಟಿವೆ ಎಂಬುದು ಲೆಕ್ಕಕ್ಕೇ ಇಲ್ಲ. ಮಿಸ್ತ್ರಿ ಎಣಿಸುತ್ತಿದ್ದುದು ಜೋಡುಗಳನ್ನು. ಒಂದು ತಂತಿ ಹೆಚ್ಚಾದರೂ ಸರಿ, ನಡುವೆ ಕತ್ತರಿ ಬೀಳಬಾರದು. ಬಿದ್ದರೆ ಬೆಸುಗೆ ಹಾಕಿಯೇ ಮುಂದಿನ ಮಾತು.

ತಂತಿಯ ಆಯ್ಕೆಯಲ್ಲೂ ಅವನದು ಬೇರೆ ಲೆಕ್ಕ. ಮನೆಗೆ ಹಾಕುವ ಒಂಟಿ ಎಳೆಯ ತಂತಿ ಬೇಡ, ಗಾಡಿಯ ನಡುಕಕ್ಕೆ ಮುರಿಯುತ್ತದೆ. ಹತ್ತಾರು ಸಣ್ಣ ಎಳೆಯ ಫ್ಲೆಕ್ಸಿಬಲ್ಲೇ ಆಗಬೇಕು. ಬ್ಯಾಟರಿಯಿಂದ ಕೀಲಿವರೆಗೆ, ಹೆಡ್‌ಲೈಟಿನವರೆಗೆ 2.5 ಚದರ ಮಿಲಿಮೀಟರಿನದು, ಉಳಿದ ಕಡೆ ಅದಕ್ಕಿಂತ ಸಣ್ಣದು. ಟೇಪನ್ನು ಅಂಗಡಿಯೊಳಗೆ ತರಲೂ ಬಿಡಲಿಲ್ಲ. ತಂತಿಗಳನ್ನು ಒಟ್ಟಿಗೆ ಹಿಡಿದು, ಮಗ್ಗದವರಿಂದ ತಂದ ಹತ್ತಿಯ ಹುರಿಯಿಂದ ಬೆರಳಳತೆಗೊಂದು ಗಂಟು ಹಾಕುತ್ತ ಬಿಗಿದು, ಮೋಟರಿಗೆ ಬಳಿಯುವ ವಾರ್ನಿಷನ್ನೇ ಬಳಿದು ಬಿಸಿಲಿಗೆ ಒಣಗಿಸಿದ. ಬನಹಟ್ಟಿಯ ನೂಲು ಸೀರೆಯಾಗುವುದನ್ನು ಎಲ್ಲರೂ ನೋಡಿದ್ದಾರೆ. ಯೆಜ್ಡಿಯ ಟ್ಯಾಂಕಿನ ಕೆಳಗೆ ಅದನ್ನು ನೋಡಿದವರು ನಾವೇ ಇರಬೇಕು.

ಆ ಕೆಲಸದ ಕೂಲಿಯ ಬಗ್ಗೆ ಇಬ್ಬರೂ ಜಗಳಾಡಿದ್ದು ದೊಡ್ಡ ಕಥೆ, ಇಲ್ಲಿ ಬೇಡ. ಊರಿಗೆ ಬಂದ ಮೇಲೆ ಕಾಕಾ ರಾತ್ರಿ ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಹೊಲಕ್ಕೆ ಹೋದ. ನಮ್ಮ ಸೋದರತ್ತೆಯ ಊರು ಬೀಳಗಿಯ ಆಚೆ, ಆಲಮಟ್ಟಿ ಹಿನ್ನೀರಿಗೆ ಹೋದ ಹಳ್ಳಿಯವರಿಗೆ ಕಟ್ಟಿಕೊಟ್ಟ ಪುನರ್ವಸತಿ ಕೇಂದ್ರ. ಅಲ್ಲಿಯ ಗರಸು ದಾರಿಯ ಕುಲುಕಿಗೆ ಮೊದಲೆಲ್ಲ ಹೋಗಿಬರುವಷ್ಟರಲ್ಲಿ ಒಂದಾದರೂ ತಂತಿ ಉದುರುತ್ತಿತ್ತು. ಆಮೇಲೆ ಉದುರಲಿಲ್ಲ.

ಮುಂದೆ ಕೆಲಸಕ್ಕೆಂದು ಪುಣೆಯಲ್ಲಿದ್ದಾಗ ಹಳೆಯ ಪತ್ರಿಕೆಗಳ ಅಂಗಡಿಯಲ್ಲಿ ಇಂಗ್ಲೆಂಡಿನ ಮೋಟಾರ್‌ಸೈಕಲ್ ಪತ್ರಿಕೆಗಳು ಕೈಗೆ ಬಂದವು. ಅವುಗಳಲ್ಲಿ ಟ್ರಯಲ್ಸ್ ಎಂಬ ಪಂದ್ಯದ ಸಂಗತಿ ಓದಿ ನನಗೆ ನಗು ಬಂತು. ಬಂಡೆ, ಹಳ್ಳ, ಕೆಸರು ದಾಟಬೇಕು. ವೇಗಕ್ಕೆ ಬೆಲೆ ಇಲ್ಲ. ಕಾಲು ನೆಲಕ್ಕೆ ತಾಗಿದರೆ ದಂಡದ ಅಂಕ, ಗಾಡಿ ನಿಂತರೆ 5 ಅಂಕ. ನಮ್ಮ ಕಾಕಾ ದಿನಾ ಮಾಡುವುದಕ್ಕೆ ಅಲ್ಲಿ ಬಹುಮಾನ ಕೊಡುತ್ತಾರೆ! ಸ್ಕಾಟ್ಲೆಂಡಿನಲ್ಲಿ ಆರು ದಿನ ನಡೆಯುವ ಪಂದ್ಯವನ್ನು 1952ರಲ್ಲಿ, ಮತ್ತೆ 1957ರಲ್ಲಿ ಗೆದ್ದ ಜಾನಿ ಬ್ರಿಟನ್ ಓಡಿಸಿದ್ದು ರಾಯಲ್ ಎನ್‌ಫೀಲ್ಡು. ಸ್ಯಾಮಿ ಮಿಲ್ಲರ್ ತನ್ನ ಏರಿಯಲ್ ಗಾಡಿಯಿಂದ ಬೇಡದ್ದೆಲ್ಲ ಕಿತ್ತು, ಇದ್ದದ್ದನ್ನೂ ಕೊರೆದು, ತೂಕ ಇಳಿಸಿ ಹೆಸರಾದವನು. 1965ರಲ್ಲಿ ಅದೇ ಸ್ಕಾಟ್ಲೆಂಡಿನ ಪಂದ್ಯವನ್ನು ಸ್ಪೇನಿನ ಹಗುರ ಬುಲ್ಟಾಕೊ ಮೇಲೆ ಗೆದ್ದ. ಈ ಗಾಡಿಗಳಲ್ಲಿ ಬ್ಯಾಟರಿಯೇ ಇರುತ್ತಿರಲಿಲ್ಲ. ನಿಧಾನ ಓಡುವ ಗಾಡಿಗೆ ಬ್ಯಾಟರಿ ತುಂಬುವುದಿಲ್ಲ ಎಂಬ ನಮ್ಮ ತೊಂದರೆ ಅವರಿಗೂ ಗೊತ್ತಿತ್ತು. ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇಟ್ಟು, ಉಳಿದ ವೈರಿಂಗನ್ನು ಕಿತ್ತೆಸೆದು ಅವರು ಅದನ್ನು ಬಗೆಹರಿಸಿಕೊಂಡರು. ಆದರೆ ಅವರ ಪಂದ್ಯ ಸಂಜೆಗೆ ಮುಗಿಯುತ್ತದೆ. ತ್ರೀ ಫೇಸಿಗಾಗಿ ನಡುರಾತ್ರಿ ಏಳಬೇಕಾದವನಿಗೆ ದೀಪ ಕಿತ್ತೆಸೆಯುವ ಅನುಕೂಲ ಇರುವುದಿಲ್ಲ. ಬನಹಟ್ಟಿಯ ಮಿಸ್ತ್ರಿ ಮಾಡಿದ ಕೆಲಸ ಅದಕ್ಕೇ ಹೆಚ್ಚು ಕಷ್ಟದ್ದೆಂದು ನನ್ನ ಎಣಿಕೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ತುಂಬಿ ಮುಧೋಳದ ಓಣಿಗಳಿಗೇ ನುಗ್ಗಿದಾಗ ನಮ್ಮ ತೋಟದ ಶೆಡ್ಡು ಮುಳುಗಿತು, ಒಳಗಿದ್ದ ಯೆಜ್ಡಿಯೂ ಮುಳುಗಿತು. ನೀರಿಳಿದ ಮೇಲೆ ಹೋಗಿ ನೋಡಿದರೆ ಹ್ಯಾಂಡಲ್‌ಗೆ ಕಬ್ಬಿನ ರವದಿ ಸುತ್ತಿಕೊಂಡಿತ್ತು, ಡೈನಮೊದೊಳಗೆ ಮಣ್ಣು ಗಟ್ಟಿಯಾಗಿತ್ತು, ಪಾಯಿಂಟು ತುಕ್ಕು ಹಿಡಿದಿತ್ತು, ಬ್ಯಾಟರಿ ಸತ್ತಿತ್ತು. ವಾರ್ನಿಷ್ ಹಚ್ಚಿದ ಹುರಿ ಹಾಗೇ ಇತ್ತು. ಜೋಡುಗಳು ಎಲ್ಲೆಲ್ಲಿವೆ ಎಂಬುದು ನನ್ನ ನೋಟ್‌ಬುಕ್ಕಿನಲ್ಲಿತ್ತು; ಬಿಚ್ಚಿ, ಕೆರೆದು, ವ್ಯಾಸಲೀನು ಹಚ್ಚಿ ಬಿಗಿಯುವುದು ಒಂದು ಬೆಳಗಿನ ಕೆಲಸವಾಯಿತು. ಪಾಯಿಂಟು ಹೊಸದು ಹಾಕಿ ಸಂದು 0.4 ಮಿಲಿಮೀಟರಿಗೆ ಇಟ್ಟೆವು. ಡೈನಮೊ ಮಾತ್ರ ಬನಹಟ್ಟಿಗೆ ಹೋಯಿತು. ಆ ಅಂಗಡಿಯಲ್ಲಿ ಈಗ ಮಿಸ್ತ್ರಿಯ ಮಗ ಕೂರುತ್ತಾನೆ, ಗ್ರೌಲರ್ ಹಳೆಯದೇ.

ಕಾಕಾನ ಮಗನಿಗೆ ಅದೇ ಹೊತ್ತಿನಲ್ಲಿ ಗಾಡಿಯನ್ನು 12 ವೋಲ್ಟಿಗೆ ಬದಲಿಸುವ ಆಸೆ. ಎಲೆಕ್ಟ್ರಾನಿಕ್ ರೆಗ್ಯುಲೇಟರು ಸಿಗುತ್ತದೆ, ಹಳೆಯ ಡೈನಮೊದಿಂದಲೇ 12 ತೆಗೆಯಬಹುದು, ಎಲ್‌ಇಡಿ ಹಾಕಬಹುದು. ಮಾತು ಸುಳ್ಳಲ್ಲ, 12 ವೋಲ್ಟಿನಲ್ಲಿ ಅಷ್ಟೇ ವ್ಯಾಟಿಗೆ ಮೊದಲಿನ ಅರ್ಧದಷ್ಟು ಆಂಪಿಯರ್ ಸಾಕು, ಜೋಡಿನ ಕಾಟ ಅಷ್ಟು ಕಡಿಮೆ. ವಯಸ್ಸಾದ ಮಿಸ್ತ್ರಿ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವನು ಕೇಳಿಸಿಕೊಂಡು ಹೇಳಿದ: "ಆಗತೈತಿ. ಆದ್ರ 12 ಹುಟ್ಟಬೇಕಾದ್ರ ಇಂಜಿನ್ನು ಹೆಚ್ಚೂಕಡಿಮೆ ಎರಡಪಟ್ಟು ತಿರಗಬೇಕು. ನೀ ಹುಬ್ಬಳ್ಳಿಗೆ ಹೋಗಾಂವ ಇದ್ರ ಹಾಕಿಸ್ಕೊ. ಕಬ್ಬಿನಾಗ ಹೋಗಾಂವ ಇದ್ರ ಬ್ಯಾಡ." 6 ವೋಲ್ಟೇ ಉಳಿಯಿತು. ಹಿಂದಿನ ದೀಪಕ್ಕೆ ಮಾತ್ರ 6 ವೋಲ್ಟಿನ ಎಲ್‌ಇಡಿ ಬಂತು. ಅದರಿಂದ ಉಳಿದ ಕರೆಂಟು ಬ್ಯಾಟರಿಗೆ ಹೋಗುತ್ತದೆ.

ಈಗ ಯೆಜ್ಡಿ ಹೆಸರಿನ ಹೊಸ ಗಾಡಿಗಳು 2022ರಿಂದ ಮತ್ತೆ ಬರುತ್ತಿವೆ, ಅವುಗಳ ಮಾತು ಬೇರೆ. ಹಳೆಯ ಯೆಜ್ಡಿ, ಜಾವಾ ಮನೆಯಲ್ಲಿಟ್ಟುಕೊಂಡವರಿಗೆ ನನ್ನದೊಂದು ಮಾತು. ಹೊಸ ವೈರಿಂಗ್ ಸೆಟ್ಟಿಗೆ ದುಡ್ಡು ಕೊಡುವ ಮೊದಲು ಹೆಡ್‌ಲೈಟಿನಿಂದ ಬ್ಯಾಟರಿಯ ಅರ್ಥಿನ ತುದಿಗೆ ಒಂದು ದಪ್ಪ ತಂತಿ ಸುಮ್ಮನೆ ಕೈಯಲ್ಲಿ ಹಿಡಿದು ತಾಗಿಸಿ ನೋಡಿ. ದೀಪ ಬೆಳ್ಳಗಾದರೆ ನಿಮಗೆ ಬೇಕಾದದ್ದು ಆ ಒಂದು ತಂತಿ ಮಾತ್ರ.